ಮೆಂತೆ ಸೋಸುವಷ್ಟು ಹೊತ್ತು

ಆಕುರ್ಡಿ ಸ್ಟೇಷನ್ನಿನಲ್ಲಿ ಲೋಕಲ್ ಇನ್ನೂ ಪೂರ್ತಿ ನಿಂತಿರಲಿಲ್ಲ. ಹೆಂಗಸರ ಡಬ್ಬಿಯ ಕಿಟಕಿಯೊಳಗೆ ಹಳದಿ ಓಢಣಿಯ ತುದಿ ನೀಲಿಮಾಳ ಕಣ್ಣಿಗೆ ಬಿತ್ತು. ಇವತ್ತೊಂದು ದಿನ ಅದು ಅಲ್ಲಿ ಇರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಗಡಿಯ ಮನೆಯಿಂದ ರಿಕ್ಷಾದಲ್ಲಿ ಬರುವಾಗ ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಹುಡುಗಿಗೆ ಜ್ವರ ಬಂದಿರಬಹುದು. ಊರಿಂದ ನೆಂಟರು ಬಂದಿರಬಹುದು. ಆಮೇಲೆ, ಛೇ, ಜ್ವರ ಬೇಡ, ನೆಂಟರು ಸಾಕು ಎಂದು ತನ್ನ ಯೋಚನೆಯನ್ನು ತಾನೇ ತಿದ್ದಿಕೊಂಡಿದ್ದಳು. ಯಾರೂ ಕೇಳಿಸಿಕೊಳ್ಳದ ಮಾತನ್ನೂ ತಿದ್ದುವ ಅಭ್ಯಾಸ ಅವಳದು. ಆದರೆ ಓಢಣಿ ಅಲ್ಲೇ ಇತ್ತು. ತಳೇಗಾಂವದಲ್ಲಿ ಗಾಡಿ ಹತ್ತುವ ಚನ್ನಬಸವ್ವ ಎಂದಿನಂತೆ ತನ್ನ ಪಕ್ಕದ ಜಾಗದಲ್ಲಿ ಅದನ್ನು ಹಾಸಿ, ಮೇಲೆ ಅಂಗೈ ಊರಿ ಕೂತಿದ್ದಳು. ಎದುರಿಗೆ ನಿಂತಿದ್ದ ಹೆಂಗಸೊಬ್ಬಳು, ಈ ಸೀಟೇನು ನಿಮ್ಮಪ್ಪ ಮಾಡಿಸಿಟ್ಟದ್ದೇನೇ ಎಂದು ಮರಾಠಿಯಲ್ಲಿ ಗದರುತ್ತಿದ್ದಳು. ಹುಡುಗಿ ತಲೆ ತಗ್ಗಿಸಿಕೊಂಡು ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದಿದ್ದಳು. ಬೈದವರಿಗೆ ಉತ್ತರ ಕೊಡುವುದು ಅವಳಿಂದ ಆಗದು. ಜಾಗ ಬಿಡುವುದೂ ಆಗದು.

"ಬರ್ರಿ ಅಕ್ಕಾರ, ಕೂಡ್ರಿ."

ತಾನು ಕಲಿಸುವ ಕಾಲೇಜಿನ ಹುಡುಗಿಯರಿಗೆಲ್ಲ ನೀಲಿಮಾ ಮ್ಯಾಡಂ. ಇವಳೊಬ್ಬಳ ಬಾಯಲ್ಲಿ ಮಾತ್ರ ಅಕ್ಕಾರು. ಮೊದಲ ದಿನ ಹಾಗೆ ಕರೆದಾಗ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕಿದ್ದರು, ನೀಲಿಮಾ ಮಾತ್ರ ಕೈಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟು ಕಿಟಕಿಯತ್ತ ತಿರುಗಿ ನಿಂತಿದ್ದಳು. ಆ ಶಬ್ದವನ್ನು ಕೇಳಿ ಎಷ್ಟು ಕಾಲವಾಗಿತ್ತು! ಶಬ್ದದ ಹಿಂದೆಯೇ ಸದಾಶಿವ ಪೇಠೆಯ ವಾಡೆಯ ಪಡಸಾಲೆ ಬಂದಿತ್ತು, ತಂಪಾದ ಕರಿಕಲ್ಲಿನ ನೆಲ ಬಂದಿತ್ತು, ನೆಲದ ಮೇಲೆ ಹರಡಿದ ಹಳೆಯ ಪೇಪರಿನಲ್ಲಿ ಮೆಂತೆಯ ಹಸಿ ಕಹಿ ವಾಸನೆ ಬಂದಿತ್ತು, ವಾಸನೆಯ ಆಚೆ, ಚಿಕ್ಕಂದಿನಲ್ಲಿ ಪಾಠ ಹೇಳಿದ ಗಂಗೂಬಾಯಿ ಅಕ್ಕಾವ್ರು ಕಚ್ಚೆಯ ಸೀರೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಈಗ ಚನ್ನಬಸವ್ವ ಓಢಣಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು. ಅವಳ ಅಂಗೈಯ ಬಿಸಿ ಸೀಟಿನ ಮೇಲೆ ಇನ್ನೂ ಇತ್ತು. ಆ ಬಿಸಿಯ ಮೇಲೆ ಕೂತು ಹೇಳಬೇಕಾದ ಮಾತು ಇದು: ನಾಳೆ ನೀನು ಬರಬೇಡ.

ನಿನ್ನೆ ಪ್ರಾಂಶುಪಾಲ ಪ್ರಲ್ಹಾದರು ಅವಳನ್ನು ಕೋಣೆಗೆ ಕರೆದಿದ್ದರು. ಬೆಳಗಾವಿಯ ಮನುಷ್ಯ, ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಚಹಾ ತರಿಸಿದರು, ಬಿಸ್ಕೀಟಿನ ತಾಟು ಅವಳ ಕಡೆಗೆ ಸರಿಸಿದರು, ಕನ್ನಡಕ ತೆಗೆದು ಒರೆಸಿದರು. "ನೀಲಿಮಾ ಬಾಯಾರ, ನಾಡಿದ್ದ ಕಮಿಟಿಯವರು ಬರೂದು ನಿಮಗ ಗೊತ್ತದ. ರೋಗಿ ಆರೈಕೆ ಕೋರ್ಸಿನ ಮಾನ್ಯತಾ ಉಳೀಬೇಕಂದ್ರ ಅವರು ಹುಡುಗೂರ್ನ ಎಬ್ಬಿಸಿ ಕೇಳಿದಾಗ ಪಟ್‌ಪಟ್ ಉತ್ತರ ಬರಬೇಕು. ನಿಮ್ಮ ಆ ಚನ್ನಬಸವ್ವ... ಹೋದ ಸಲ ಏನಾತು ನೋಡಿದ್ರಲ್ಲ?" ಅವಳು ನೋಡಿದ್ದಳು. ಹೋದ ಸಲ ಬಂದಿದ್ದ ಅತಿಥಿಯೊಬ್ಬರು ರೋಗಿಗೆ ನೀರು ಕುಡಿಸುವಾಗ ಏನು ಗಮನಿಸಬೇಕು ಎಂದು ಕೇಳಿದ್ದರು. ಸರಳವಾದ ಪ್ರಶ್ನೆ. ಚನ್ನಬಸವ್ವ ಎದ್ದು ನಿಂತಳು, ನೆಲ ನೋಡಿದಳು, ನೋಡುತ್ತಲೇ ಇದ್ದಳು. ಆ ಮೌನ ಅಂಟುರೋಗದ ಹಾಗೆ ಸಾಲಿನಿಂದ ಸಾಲಿಗೆ ಹಬ್ಬಿ, ಗೊತ್ತಿದ್ದ ಹುಡುಗಿಯರೂ ಬಾಯಿ ಕಟ್ಟಿದವರಂತೆ ಕೂತುಬಿಟ್ಟರು. ಅತಿಥಿ ನಕ್ಕು, ಪರವಾಗಿಲ್ಲ, ಪರವಾಗಿಲ್ಲ ಎಂದರು. ಆ ಎರಡನೆಯ ಪರವಾಗಿಲ್ಲ ನೀಲಿಮಾಳ ಕಿವಿಯಲ್ಲಿ ಇನ್ನೂ ಇತ್ತು.

"ಒಂದ ದಿನ ಮನ್ಯಾಗ ಇರಂತ ಹೇಳ್ರಿ, ಅಷ್ಟ. ಹಾಜರಿ ನಾ ನೋಡ್ಕೋತೀನಿ. ನಿಮ್ಮ ಮಾತಂದ್ರ ಆಕಿ ಮೀರೂದಿಲ್ಲ," ಎಂದಿದ್ದರು ಪ್ರಲ್ಹಾದರು. ನೀಲಿಮಾ, ನೋಡ್ತೀನ್ರಿ ಸರ್ ಎಂದಿದ್ದಳು. ಆಗುವುದಿಲ್ಲ ಎಂದಿರಲಿಲ್ಲ, ಆಗಲಿ ಎಂದೂ ಅಂದಿರಲಿಲ್ಲ. ಎರಡರ ನಡುವೆ ಕೂರುವ ಶಬ್ದವೊಂದನ್ನು ಹುಡುಕಿ ತೆಗೆದು ಮೇಜಿನ ಮೇಲಿಟ್ಟು, ಚಹಾ ಕುಡಿದು ಬಂದಿದ್ದಳು.

ಚಿಂಚವಡ ಬಂತು, ಪಿಂಪ್ರಿ ಬಂತು. ಹತ್ತುವವರು ಹತ್ತಿದರು. ಯಾರದೋ ಊಟದ ಡಬ್ಬಿ ಅವಳ ಮೊಣಕಾಲಿಗೆ ತಗಲುತ್ತಿತ್ತು. "ಅಕ್ಕಾರ, ನಾಳಿಗಿ ಬಿಳೇ ಡ್ರೆಸ್ಸs ಹಾಕ್ಕೊಂಡು ಬರಬೇಕೇನ್ರಿ ಎಲ್ಲಾರೂ?" ಎಂದಳು ಚನ್ನಬಸವ್ವ. ಹೇಳಲು ಇದಕ್ಕಿಂತ ಒಳ್ಳೆಯ ಬಾಗಿಲು ತೆರೆಯುವುದಿಲ್ಲ. ನೀಲಿಮಾ ಬಾಯಿ ತೆರೆದಳು. "ಹೂಂ. ಇಸ್ತ್ರೀ ಮಾಡಿರಬೇಕು," ಎಂದಳು. ಹುಡುಗಿ, ನಮ್ಮ ಶೆಡ್ಡಿನ್ಯಾಗ ಇಸ್ತ್ರೀ ಇಲ್ರಿ, ತಂಬಿಗಿಯೊಳಗ ಕೆಂಡ ಹಾಕಿ ಮಾಡ್ತಾಳ್ರಿ ನಮ್ಮವ್ವ ಎಂದು ನಕ್ಕಳು. ಯಾದಗಿರಿಯ ಕಡೆಯಿಂದ ಬಂದವರು. ಅಪ್ಪ ತಾಯಪ್ಪ ತಳೇಗಾಂವದ ಕಾರಖಾನೆಯೊಂದರಲ್ಲಿ ಮಾಲು ಏರಿಸುತ್ತಾನೆ. ಇಬ್ಬರೇ ಇದ್ದಾಗ ಈ ಹುಡುಗಿ ಎಷ್ಟು ಮಾತಾಡುತ್ತಾಳೆ! ಶೆಡ್ಡಿನ ಬೆಕ್ಕಿನ ಬಗ್ಗೆ, ತಂಗಿಯ ಹಟದ ಬಗ್ಗೆ, ಇಲ್ಲಿನ ಜೋಳದ ಹಿಟ್ಟಿನ ರೊಟ್ಟಿ ತಟ್ಟುವಾಗ ಬಿರಿಯುವ ಬಗ್ಗೆ. ನಾಲ್ಕು ಜನರ ನಡುವೆ ಎಬ್ಬಿಸಿ ನಿಲ್ಲಿಸಿದರೆ ಮಾತ್ರ ಒಳಗೆ ಯಾವುದೋ ಅಗಳಿ ಬೀಳುತ್ತದೆ. ಆ ಅಗಳಿಯ ಸಪ್ಪಳ ನೀಲಿಮಾಳಿಗೆ ಗೊತ್ತು. ಧಾರವಾಡದಿಂದ ಅಪ್ಪನಿಗೆ ವರ್ಗವಾಗಿ ಪುಣೆಗೆ ಬಂದ ವರ್ಷ ಅವಳೊಳಗೂ ಅದೇ ಅಗಳಿ ಬಿದ್ದಿತ್ತು. ಮುನ್ಸಿಪಾಲಿಟಿ ಶಾಲೆಯಲ್ಲಿ ಎಲ್ಲರೂ ಮರಾಠಿಯಲ್ಲಿ ಮಗ್ಗಿ ಹೇಳುತ್ತಿದ್ದರು. ಸರದಿ ತನ್ನ ಹತ್ತಿರ ಬಂದಾಗ ಅಕ್ಷರಗಳೆಲ್ಲ ಗಂಟಲಿನಲ್ಲಿ ಬಂದು ಗುಂಪಾಗಿ ನಿಂತು, ಒಂದೂ ಮುಂದೆ ಬರದೆ, ಕೊನೆಗೆ ಕಣ್ಣಿನಿಂದ ನೀರಾಗಿ ಇಳಿಯುತ್ತಿದ್ದವು.

ಅಂಥ ಮಕ್ಕಳಿಗಾಗಿಯೇ ಆ ಪಡಸಾಲೆ. ಗಂಗೂಬಾಯಿ ಅಕ್ಕಾವ್ರು ಯಾವ ಪದವಿಯನ್ನೂ ಪಡೆದವರಲ್ಲ. ಗಂಡ ರೈಲ್ವೆಯಲ್ಲಿ ಗುಮಾಸ್ತ. ಮಧ್ಯಾಹ್ನದ ಹೊತ್ತು ಓಣಿಯ ಕನ್ನಡ ಮಕ್ಕಳನ್ನು ಕೂರಿಸಿಕೊಂಡು ಮರಾಠಿ, ಲೆಕ್ಕ, ಅಷ್ಟಿಷ್ಟು ಇಂಗ್ಲಿಷು ಹೇಳಿಕೊಡತೊಡಗಿದರು. ಜೊತೆಗೆ ಮನೆಯ ಕೆಲಸವೂ ಆಗಬೇಕಲ್ಲ, ಸಂಜೆಯ ಪಲ್ಲೆ ಸೋಸುತ್ತ ಪಾಠ. ಪ್ರಶ್ನೆ ಕೇಳಿದರೆ ಕೈಗೆ ಒಂದು ಸೂಡು ಮೆಂತೆ ಎತ್ತಿಕೊಳ್ಳುತ್ತಿದ್ದರು. ಆ ಸೂಡು ಸೋಸಿ ಮುಗಿಯುವವರೆಗೆ ಉತ್ತರ ಹೇಳಲು ಹೊತ್ತು. ಅಲ್ಲಿಯವರೆಗೆ ಬೇರೆ ಯಾರೂ ಕೈ ಎತ್ತುವಂತಿಲ್ಲ, ಪಿಸುಗುಡುವಂತಿಲ್ಲ, ಪಾಪ ಎನ್ನುವ ಮುಖ ಮಾಡುವಂತೆಯೂ ಇಲ್ಲ. ಅಕ್ಕಾವ್ರು ಮುಖ ನೋಡುತ್ತಿರಲಿಲ್ಲ, ಎಲೆ ನೋಡುತ್ತಿದ್ದರು. ಚಿಟ್, ಚಿಟ್ ಎಂದು ದಂಟು ಮುರಿಯುವ ಸಪ್ಪಳ. ಆ ಸಪ್ಪಳದ ಆಸರೆಯಲ್ಲಿ ಅಕ್ಷರಗಳು ಒಂದೊಂದಾಗಿ ಗಂಟಲು ದಾಟಿ ಬರುತ್ತಿದ್ದವು. ಆ ಪಡಸಾಲೆಯೇ ಆಮೇಲೆ ಶಾಲೆಯಾಯಿತು, ವಾಡೆ ಕೆಡವಿ ಕಟ್ಟಡ ಎದ್ದಿತು, ಈಗ ಸಮುದಾಯ ಕಾಲೇಜು. ರೋಗಿ ಆರೈಕೆ, ಹೊಲಿಗೆ, ಕಂಪ್ಯೂಟರು. ಊರವರು ಇವತ್ತಿಗೂ ಅದನ್ನು ಪಡಸಾಲಿ ಕಾಲೇಜು ಎನ್ನುತ್ತಾರೆ, ಅರ್ಧ ಪ್ರೀತಿಯಿಂದ, ಅರ್ಧ ತಮಾಷೆಗೆ.

ನಾಳೆ ಕಮಿಟಿಯ ಮುಂದೆ ಕಾಲೇಜಿನ ಹಿನ್ನೆಲೆಯನ್ನೂ ವಿದ್ಯಾರ್ಥಿಗಳ ಸಾಧನೆಯನ್ನೂ ಕುರಿತು ಮಾತಾಡಬೇಕಾದವಳು ನೀಲಿಮಾಳೇ. ಇಲ್ಲಿಯೇ ಕಲಿತು ಇಲ್ಲಿಯೇ ಕಲಿಸುತ್ತಿರುವವಳು ಅವಳೊಬ್ಬಳು. ಭಾಷಣವನ್ನು ಎಷ್ಟೋ ಸಲ ಬರೆದು ಹರಿದು ಬರೆದಿದ್ದಳು. ಹಿನ್ನೆಲೆ ಸಲೀಸಾಗಿ ಬಂದಿತ್ತು. ಬರೆಯುವಾಗ ಬೆರಳಿಗೆ ಮೆಂತೆಯ ವಾಸನೆ ಹತ್ತಿದಂತಾಗಿತ್ತು. ಸಾಧನೆಯ ಭಾಗದಲ್ಲಿ ಮಾತ್ರ ಪೆನ್ನು ನಿಲ್ಲುತ್ತಿತ್ತು. ನಮ್ಮ ವಿದ್ಯಾರ್ಥಿಗಳೆಲ್ಲರೂ ಎಂದು ಬರೆದು, ಎಲ್ಲರೂ ಎಂಬುದನ್ನು ಹೊಡೆದು ಬಹುಪಾಲು ಎಂದು ಬರೆದಿದ್ದಳು. ಪ್ರಲ್ಹಾದರು ಅದನ್ನು ಹೊಡೆದು ಮತ್ತೆ ಎಲ್ಲರೂ ಮಾಡಿದ್ದರು.

ಶಿವಾಜಿನಗರದಲ್ಲಿ ಇಳಿದಾಗಲೂ ಮಾತು ಆಗಿರಲಿಲ್ಲ. ಸಂಜೆ ಹೇಳಿದರಾಯಿತು, ಸಂಜೆ ಗಾಡಿಯಲ್ಲಿ ಇಷ್ಟು ಗದ್ದಲ ಇರುವುದಿಲ್ಲ ಎಂದುಕೊಂಡಳು. ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಸಭಾಗೃಹದಲ್ಲಿ ತಾಲೀಮು. ಹುಡುಗಿಯರು ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸುತ್ತಿದ್ದರು. ಆಡಳಿತ ಮಂಡಳಿಯ ಪರವಾಗಿ ಮುಕ್ತಾ ಬಂದಿದ್ದಳು. ಮುಕ್ತಾ ಎಂದರೆ ಅದೇ ಪಡಸಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಮುಕ್ತಾ. ಆಗಲೇ ಉತ್ತರವನ್ನು ಪ್ರಶ್ನೆಗಿಂತ ಮೊದಲೇ ಹೇಳುವವಳು, ಈಗ ಮಂಡಳಿಯ ಸದಸ್ಯೆ, ರೇಷ್ಮೆ ಸೀರೆ, ಕಾರು, ನಗು. "ಓದs ನೀಲೂ, ಕೇಳೋಣು," ಎಂದು ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಳು. ನೀಲಿಮಾ ಓದಿದಳು. ಪಡಸಾಲೆ ಬಂತು, ಕರಿಕಲ್ಲು ಬಂತು, ಮೆಂತೆ ಬಂತು. ಅಲ್ಲಿಂದ ಮುಂದೆ, ಬರೆಯಲೋ ಬೇಡವೋ ಎಂದು ಬಹಳ ಅಳೆದು ಸುರಿದು ಕೊನೆಗೆ ಉಳಿಸಿಕೊಂಡಿದ್ದ ನಾಲ್ಕು ಸಾಲು. ಕಾಯಿಪಲ್ಲೆಯ ಪೇಟೆ ಮಂಡಯಿಗೆ ಹೋಗಿ ಪಲ್ಲೆ ತರುವ ಗೌರವವನ್ನು ಅಕ್ಕಾವ್ರು ಎಲ್ಲರಿಗೂ ಕೊಡುತ್ತಿರಲಿಲ್ಲ, ಶಾಲೆಗೆ ಮಾನ್ಯತೆ ಕೊಡಲು ತಪಾಸಣೆಯ ಅಧಿಕಾರಿ ದೀಪೋಟಿ ಬಂದ ದೊಡ್ಡ ದಿನ ಆ ಕೆಲಸ ಸಿಕ್ಕಿದ್ದು ತನಗೆ, ಏನೂ ಬಾರದ ಹುಡುಗಿಯ ಮೇಲೂ ಅವರು ಇಟ್ಟ ಆ ಭರವಸೆಯೇ ಈ ಸಂಸ್ಥೆಯ ಬುನಾದಿ. ಕಾಗದದಿಂದ ತಲೆಯೆತ್ತದೆಯೇ ಆ ದಿನ ಕಂಡಿತು. ಉಟ್ಟ ಹಸಿರು ಪರಕಾರದ ಲಂಗ, ಕೈಯಲ್ಲಿ ಅಕ್ಕಾವ್ರ ಸ್ವಂತ ಚೀಲ, ಬಾಗಿಲಲ್ಲಿ ನಿಂತು ಅವರು ಹೇಳಿದ ಮಾತು: ಅವಸರ ಮಾಡಬ್ಯಾಡ ನೀಲೂ, ಎಳೀದು ನೋಡಿ ತಾ, ನಾಕ ಅಂಗಡಿ ತಿರಗು. ಓಣಿಯ ಬಿಸಿಲು ಸೀಳಿಕೊಂಡು ಓಡಿದ್ದಳು. ಉಳಿದವರೆಲ್ಲ ಸಾಲಾಗಿ ಕೈಕಟ್ಟಿ ಕೂತಿದ್ದರೆ ತಾನೊಬ್ಬಳೇ ಊರಿನ ನಡುವೆ ಹೊರಟವಳು. ಪುಣೆಯಲ್ಲಿ ಅವಳಿಗೆ ಮೊದಲ ಸಲ ತಾನೂ ಒಬ್ಬಳು ಎನ್ನಿಸಿದ್ದು ಆ ದಿನ.

ಓದಿ ಮುಗಿಸಿದಾಗ ಪ್ರಲ್ಹಾದರು ಚಪ್ಪಾಳೆ ತಟ್ಟಿದರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿ, "ಹೇಳಿದ್ರ್ಯಾ ಆಕಿಗೆ?" ಎಂದರು.

"ಇನ್ನೂ ಇಲ್ರಿ. ಸಂಜೀ ಗಾಡ್ಯಾಗ..."

"ಏನದು?" ಎಂದಳು ಮುಕ್ತಾ. ಪ್ರಲ್ಹಾದರು ಹೇಳಿದರು. ಹುಡುಗಿಗೆ ನೋವಾಗಬಾರದಲ್ಲ, ಅದಕ್ಕೇ ಬಾಯಾರು ಹಿಂದೆಮುಂದೆ ನೋಡುತ್ತಿದ್ದಾರೆ ಎಂದು ಅವಳ ಪರವಾಗಿಯೇ ಹೇಳಿದರು.

ಮುಕ್ತಾ ಜೋರಾಗಿ ನಕ್ಕಳು. "ಅಯ್ಯ, ಇದಕ್ಯಾಕ ಇಷ್ಟು ವಿಚಾರ? ಹಾರ ತುರಾಯಿ ತರಾಕ ಆಕೀನ್ನ ಮಂಡಯಿಗೆ ಕಳಸ್ರಿ. ಎಲ್ಲಾ ಮುಗದ ಮ್ಯಾಲೆ ಬರ್ತಾಳ. ಅಕ್ಕಾವ್ರು ಮಾಡ್ತಿದ್ರಲ್ಲ, ಹಂಗs!" ಮತ್ತೆ ನೀಲಿಮಾಳ ತೋಳು ತಟ್ಟಿ, "ದೀಪೋಟಿ ಬಂದ ದಿನ ನಿನ್ನ ಕಳಿಸಿದ್ರು, ನಾವೆಲ್ಲಾ ಒಳಗ ಕೂತು ದೇವರಿಗೆ ಬೇಡ್ಕೋತಿದ್ವಿ, ನೀ ಲಗೂನ ತಿರುಗಿ ಬರಬಾರದು ಅಂತ! ನಿನಗೇನ ಬ್ಯಾಸರಾಗಿತ್ತೇನು? ಕುಣಕೋತ ಹೋಗಿದ್ಯಲ್ಲ, ಪರಕಾರ ಹಿಡ್ಕೊಂಡು!"

ಅವಳ ನಗುವಿನಲ್ಲಿ ಕೆಡುಕು ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ಹಳೆಯ ಜೋಕು ಹೇಳುವವರ ನಗು. ನೀಲಿಮಾಳಿಗೂ ಗೊತ್ತಿರಬೇಕೆಂದೇ ಮುಕ್ತಾ ನಂಬಿದ್ದಳು. ಗೊತ್ತಿಲ್ಲವೆಂದು ತಿಳಿದಿದ್ದರೆ ಖಂಡಿತ ಹೇಳುತ್ತಿರಲಿಲ್ಲ. ನೀಲಿಮಾಳೂ ನಕ್ಕಳು. ಹೌದಲ್ಲs ಎಂದಳು. ಕಾಗದಗಳನ್ನು ಅಂಚು ಕೂಡಿಸಿ ಮಡಿಚಿದಳು, ಮಡಿಕೆ ಓರೆಯಾಯಿತೆಂದು ಬಿಚ್ಚಿ ಮತ್ತೆ ಮಡಿಚಿದಳು. ಆಚೆ ಕುರ್ಚಿಗೆ ಬಟ್ಟೆ ತೊಡಿಸುತ್ತಿದ್ದ ಚನ್ನಬಸವ್ವ ಗಂಟು ಬಿಗಿಯಾಯಿತೇ ಎಂದು ಎಳೆದೆಳೆದು ನೋಡುತ್ತಿದ್ದಳು.

ಸಂಜೆ ಅವಳು ನೇರ ಸ್ಟೇಷನ್ನಿಗೆ ಹೋಗಲಿಲ್ಲ. ಸ್ಟೇಷನ್ನಿನಲ್ಲಿ ನಿಂತಿರು, ಬರುತ್ತೇನೆ ಎಂದು ಹುಡುಗಿಗೆ ಹೇಳಿ ಮಂಡಯಿಯ ಕಡೆ ನಡೆದಳು. ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಓಣಿಗಳಲ್ಲಿ ಕೋಚಿಂಗ್ ಕ್ಲಾಸಿನ ಫಲಕಗಳು, ಫಲಕದ ತುಂಬ ಮೊದಲು ಬಂದವರ ಮುಖಗಳು. ಬರದವರ ಮುಖಗಳು ಸ್ಕೂಟರಿನ ಮೇಲೆ ಅವಳನ್ನು ಸವರಿಕೊಂಡು ಹೋಗುತ್ತಿದ್ದವು. ವಾಡೆಗಳಿದ್ದ ಜಾಗದಲ್ಲಿ ಫ್ಲಾಟುಗಳು. ಆದರೂ ಕಾಲಿಗೆ ದಾರಿ ನೆನಪಿತ್ತು. ನಾಕ ಅಂಗಡಿ ತಿರುಗು. ಎಳೀದು ನೋಡಿ ತಾ. ಆ ಮಾತುಗಳನ್ನು ಇಷ್ಟು ವರ್ಷ ಮಡಿಬಟ್ಟೆಯ ಹಾಗೆ ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೊಮ್ಮೆ ತೆಗೆದು ನೋಡುತ್ತಿದ್ದಳು. ಈಗ ಅದೇ ಮಾತು, ಅದೇ ದನಿ. ಅರ್ಥ ಮಾತ್ರ ಬೇರೆ. ತಡಮಾಡಿ ಬಾ. ಅವರು ಹೋಗುವವರೆಗೆ ಬರಬೇಡ. ಅಕ್ಕಾವ್ರ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದಳು. ಬರಲಿಲ್ಲ. ಅವರಿಗೂ ಹೆದರಿಕೆ ಇದ್ದಿರಬೇಕು; ಮಾನ್ಯತೆ ಸಿಗದಿದ್ದರೆ ಪಡಸಾಲೆ ಮುಚ್ಚಬೇಕಿತ್ತು. ಒಂದು ಹುಡುಗಿಯ ಬಾಯಿ ಕಟ್ಟಿದರೆ ಎಲ್ಲರ ಬಾಯಿ ಕಟ್ಟುತ್ತದೆ ಎಂದು ಪ್ರಲ್ಹಾದರಿಗೆ ಗೊತ್ತಿರುವುದು ಅವರಿಗೆ ಗೊತ್ತಿರಲಿಲ್ಲವೇ? ನೋಯಿಸದೆ ದೂರವಿಟ್ಟರು. ಎಷ್ಟು ನಾಜೂಕಾಗಿ ಎಂದರೆ, ದೂರವಿಟ್ಟದ್ದನ್ನು ಅವಳು ಎತ್ತಿ ಕೂರಿಸಿದ್ದೆಂದು ತಿಳಿದು ಇಡೀ ಜೀವನ ಅದರ ಮೇಲೆ ನಿಂತಳು. ಡಿಗ್ರಿ ಮಾಡಿದಳು, ಇಲ್ಲಿಗೇ ಬಂದು ಕೆಲಸಕ್ಕೆ ಸೇರಿದಳು. ಸುಳ್ಳಿನ ಮೇಲೆ ಎದ್ದ ಮನೆಯೂ ಮಳೆಗೆ ಸೋರದೆ ನಿಂತಿತ್ತಲ್ಲ.

ಮಂಡಯಿಯಲ್ಲಿ ಹಸಿರು ರಾಶಿಯ ಮುಂದೆ ಬಗ್ಗಿದಾಗ ಮತ್ತೊಂದು ನೆನಪು ತಾನಾಗಿ ಬಂತು, ಯಾರೂ ಕರೆಯದೆ ಹಿತ್ತಲ ಬಾಗಿಲಿನಿಂದ ಬಂದ ನೆಂಟರ ಹಾಗೆ. ಆ ದಿನ ಅವಳು ತಿರುಗಿ ಬಂದಾಗ ದೀಪೋಟಿ ಹೋಗಿಯಾಗಿತ್ತು, ಮಕ್ಕಳೂ ಪೇಢೆ ತಿಂದು ಮನೆಗೆ ಹೋಗಿದ್ದರು. ಅಕ್ಕಾವ್ರು ಅವಳ ಪಾಲಿನ ಪೇಢೆ ಎತ್ತಿಟ್ಟಿದ್ದರು. ಪೇಪರು ಹರಡಿ, ಅವಳು ತಂದ ಸೂಡು ಬಿಚ್ಚಿ, ತೊಡೆಗೆ ತೊಡೆ ತಾಗುವಂತೆ ಕೂರಿಸಿಕೊಂಡು, ಎಂದಿನಂತೆ ಮುಖ ನೋಡದೆ ಒಂದು ಮಗ್ಗಿ ಕೇಳಿದರು. ಅವಳು ಹೇಳಿದಳು. ಮರಾಠಿಯಲ್ಲಿ, ಮೊದಲಿನಿಂದ ಕೊನೆಯವರೆಗೆ, ಒಂದೂ ತಪ್ಪದೆ. ಮೆಂತೆ ಇನ್ನೂ ಅರ್ಧ ಉಳಿದಿತ್ತು. "ನೋಡು, ಬಂತಲ್ಲ," ಎಂದಿದ್ದರು ಅಕ್ಕಾವ್ರು. ಅಷ್ಟು ಹೇಳಿ ಯಾಕೋ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಮಣ್ಣಿನ ಧೂಳು ಬಿತ್ತೇನೋ ಎಂದು ಅವಳು ತಿಳಿದಿದ್ದಳು. ಅಕ್ಕಾವ್ರು ಕೇಳಿದ್ದು ಅದೇ ದಿನ, ದೀಪೋಟಿ ಕೇಳಬಹುದಾಗಿದ್ದ ಅದೇ ಪ್ರಶ್ನೆ. ಕೇಳುವವನು ಎದ್ದು ಹೋದ ಮೇಲೆ ಮಾತ್ರ.

"ತಾಈ, ಘೇತಾಯ ಕೀ ನುಸತಂ ಬಘತಾಯ?" ಎಂದಳು ಮಾರುವವಳು, ತಗೊಳ್ತೀರೋ, ಸುಮ್ಮನೆ ನೋಡುತ್ತಲೇ ಇರುತ್ತೀರೋ ಎಂದು. ನೀಲಿಮಾ ಎಳೆಯದೋ ಬಲಿತದ್ದೋ ನೋಡದೆ ಕೈಗೆ ಬಂದ ಒಂದು ಸೂಡು ತೆಗೆದುಕೊಂಡಳು.

ಶಿವಾಜಿನಗರದ ಪ್ಲಾಟ್‌ಫಾರ್ಮಿನಲ್ಲಿ ಚನ್ನಬಸವ್ವ ಕಂಬಕ್ಕೆ ಆತು ಕಾಯುತ್ತಿದ್ದಳು. ಒಂದು ಗಾಡಿಯನ್ನು ಅವಳಿಗಾಗಿ ಬಿಟ್ಟಿದ್ದಳು. ಎರಡನೆಯದು ಬಂದಾಗ, ಬ್ಯಾಡ, ನಿಲ್ಲಲಿ ಎಂದು ನೀಲಿಮಾ ಹೇಳುತ್ತಿದ್ದರೂ ಕೇಳದೆ ಓಡುವ ಗಾಡಿಗೇ ಹತ್ತಿ, ಒಳಗಿನಿಂದ ಅಕ್ಕಾರ ಅಕ್ಕಾರ ಎಂದು ಕೂಗಿ ಕಿಟಕಿಯ ಜಾಗ ಹಿಡಿದಳು. ಡಬ್ಬಿಯಲ್ಲಿ ಮನೆಗೆ ಹೋಗುವ ಹೆಂಗಸರು ಆಗಲೇ ಚೀಲ ಬಿಚ್ಚಿ ಕೂತಿದ್ದರು, ಒಬ್ಬಳು ಬಟಾಣಿ ಸುಲಿಯುತ್ತಿದ್ದಳು, ಒಬ್ಬಳು ಬೆಳ್ಳುಳ್ಳಿ. ಖಡಕಿ ದಾಟಿತು. ಆಮೇಲೆ ನೀಲಿಮಾ ಬೆಳಗಿನಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದ ದನಿಯಲ್ಲಿ ಹೇಳಿದಳು:

"ಚನ್ನವ್ವ, ನಾಳಿಗೆ ನಿನಗೊಂದು ಮಹತ್ವದ ಕೆಲಸ ಅದ. ಬಂದವರಿಗೆ ಹಾರ ತುರಾಯಿ ಬೇಕು. ಮಂಡಯಿಗೆ ಹೋಗಿ ಚೊಲೋ ನೋಡಿ ತರಬೇಕು. ನಾಕ ಅಂಗಡಿ ತಿರುಗಿ..."

ಹೇಳುತ್ತ ಹುಡುಗಿಯ ಮುಖ ನೋಡಿದಳು. ಅಲ್ಲಿ ಹಸಿರು ಪರಕಾರದ ಹುಡುಗಿ ಎದ್ದು ಓಡುತ್ತಾಳೆಂದು ಕಾದಳು. ಓಡಿದರೆ ತಾನು ತಪ್ಪಿಸಿಕೊಂಡಂತೆ. ಚನ್ನಬಸವ್ವ ಓಢಣಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಸಾಹೇಬ್ರು ಬರೂ ಹೊತ್ತಿಗಿ ನಾ ಅಲ್ಲಿ ಇರಬಾರದಲ್ರೀ, ಅಕ್ಕಾರ?"

ಗಾಡಿ ದಾಪೋಡಿಯ ಸೇತುವೆ ಹತ್ತಿ ಸಪ್ಪಳ ಮಾಡಿತು.

"ಊರಾಗಿನ ಸಾಲ್ಯಾಗೂ ಹಿಂಗs ಕಳಸ್ತಿದ್ರುರೀ. ಯಾರರs ಬಂದ್ರಂದ್ರ ನೀರ ತರಾಕ, ಇಲ್ಲಾ ಹೆಡ್ ಮಾಸ್ತರ ಮನ್ಯಾಗಿನ ಎಮ್ಮಿ ನೋಡಾಕ." ಹುಡುಗಿ ಸಣ್ಣಗೆ ನಕ್ಕಳು. "ಎಮ್ಮಿಗಿಂತ ಹೂವು ಚೊಲೋ ಬಿಡ್ರಿ. ತರ್ತೀನ್ರಿ. ನೀವು ಮುಖಾ ಸಣ್ಣದು ಮಾಡ್ಕೋಬ್ಯಾಡ್ರಿ."

ಸಮಾಧಾನ ಮಾಡುತ್ತಿದ್ದವಳು ಅವಳು! ನೀಲಿಮಾ ಕಿಟಕಿಯ ಕಡೆ ತಿರುಗಿದಳು. ಇಷ್ಟು ವಯಸ್ಸಿನವರೆಗೆ ತನಗೆ ತಿಳಿಯದೆ ಹೋದದ್ದು ಇವಳಿಗೆ ಎಮ್ಮೆ ಕಾಯುವ ವಯಸ್ಸಿನಲ್ಲೇ ತಿಳಿದಿತ್ತು. ತನಗೆ ಕೊನೇ ಪಕ್ಷ ಸುಳ್ಳಿನ ಸುಖವಿತ್ತು. ಇವಳಿಗೆ ಅದೂ ಇಲ್ಲ. ಎಲ್ಲ ಗೊತ್ತಿದ್ದೂ ದಿನಾ ಬೆಳಿಗ್ಗೆ ತಳೇಗಾಂವದಿಂದ ಓಢಣಿ ಹಾಸಿ, ಬೈಸಿಕೊಂಡು, ಜಾಗ ಕಾಯುತ್ತ ಬರುತ್ತಾಳೆ. ಪ್ರಲ್ಹಾದರ ಒರೆಸಿದ ಕನ್ನಡಕ ಕಂಡಿತು. ಕೋರ್ಸಿನ ಮಾನ್ಯತೆ ಹೋದರೆ, ಈ ಹುಡುಗಿಯೇ ಎಲ್ಲಿಗೆ ಹೋಗಬೇಕು? ಮಾನ್ಯತೆ ಹೋಗಲಿಕ್ಕೂ ಸಾಕು. ನಾಳೆ ಇವಳು ನಿಂತು, ನೆಲ ನೋಡಿ, ಇಡೀ ಸಾಲು ಮೂಕಾಗಲಿಕ್ಕೂ ಸಾಕು. ಆ ಹೆದರಿಕೆ ಹೋಗಲಿಲ್ಲ. ಅದನ್ನು ಇರಲು ಬಿಟ್ಟು ನೀಲಿಮಾ ಚೀಲದಿಂದ ಮೆಂತೆಯ ಸೂಡು ತೆಗೆದಳು. ಭಾಷಣದ ಕಾಗದಗಳ ಮಡಿಕೆ ಬಿಚ್ಚಿ ತೊಡೆಯ ಮೇಲೆ ಹರಡಿದಳು.

"ಅಯ್ಯ ಅಕ್ಕಾರ, ನಾಳಿನ ಭಾಷಣಾರೀ ಅದು!"

"ಇರಲಿ. ನೆನಪದ ನನಗ." ಸೂಡಿನ ಹಗ್ಗ ಬಿಚ್ಚಿದಳು. "ಹೂವು ಬ್ಯಾರೆ ಯಾರರೆ ತರ್ತಾರ. ನೀ ನಾಳೆ ಮುಂದಿನ ಸಾಲಿನ್ಯಾಗ ಕೂಡಬೇಕು. ಅವರು ಏನರೆ ಕೇಳ್ತಾರ. ಈಗ ನಾ ಕೇಳ್ತೀನಿ. ಇದು ಸೋಸಿ ಮುಗಿಯೂತನಕಾ ಹೊತ್ತದ ನಿನಗ. ಈ ಕಾಲೇಜಿಗೆ ನೀ ಯಾಕ ಬಂದಿ?"

ಚನ್ನಬಸವ್ವ ಸುತ್ತ ನೋಡಿದಳು. ಬಟಾಣಿಯವಳೂ ಬೆಳ್ಳುಳ್ಳಿಯವಳೂ ನೋಡುತ್ತಿದ್ದರು. ಅವಳ ಕಣ್ಣು ನೆಲಕ್ಕೆ ಇಳಿಯಿತು. ಒಳಗೆ ಅಗಳಿ ಬಿದ್ದದ್ದು ನೀಲಿಮಾಳಿಗೆ ಕೇಳಿಸಿತು.

"ನಾಳಿಗೆ ಅಲ್ಲಿ ಉತ್ತರಾ ಬರದಿದ್ರರೀ?" ಎಂದಳು ಹುಡುಗಿ ನೆಲಕ್ಕೆ.

"ಬರದಿದ್ರ ನಾನೂ ನಿನ್ನ ಬಾಜೂಕ ಬಂದು ಸುಮ್ಮನ ನಿಂದರ್ತೀನಿ. ನೋಡಲಿ ಇಬ್ಬರನ್ನೂ."

ಆಮೇಲೆ ಅವಳು ಹುಡುಗಿಯ ಮುಖ ನೋಡಲಿಲ್ಲ. ಎಲೆ ನೋಡಿದಳು. ಅವಸರದಲ್ಲಿ ಕೊಂಡದ್ದು, ದಂಟು ಬಲಿತಿತ್ತು; ಮುರಿಯುವಾಗ ಚಿಟ್ ಎನ್ನುತ್ತಿತ್ತು. ಕಾಸಾರವಾಡಿ ಹೋಯಿತು. ಪಿಂಪ್ರಿಯಲ್ಲಿ ಇಳಿಯುವವರು ಇಳಿದರು. ಹಸಿ ಕಹಿ ವಾಸನೆ ಎದ್ದು ಕಿಟಕಿಯ ಗಾಳಿಯಲ್ಲಿ ಡಬ್ಬಿಯ ತುಂಬ ಹರಡಿತು. ನೀಲಿಮಾಳಿಗೆ ತೊಡೆಗೆ ತಾಗಿದ ಮತ್ತೊಂದು ತೊಡೆಯ ಬಿಸಿ ತಿಳಿಯಿತು, ಅದು ಯಾರದು, ಯಾವ ಸಂಜೆಯದು ಎಂದು ಒಂದು ಗಳಿಗೆ ತಿಳಿಯಲಿಲ್ಲ. ಚಿಂಚವಡದಲ್ಲಿ ಹುಡುಗಿಯ ತುಟಿ ಅಲುಗಿದಂತಾಯಿತು, ನಿಂತಿತು. ಎದುರಿನ ಬೆಳ್ಳುಳ್ಳಿಯವಳು ಏನೋ ಹೇಳಿಕೊಡಲು ಬಾಯಿ ತೆರೆದಳು. ನೀಲಿಮಾ ತಲೆಯೆತ್ತದೆ ಕೈ ಎತ್ತಿ ತಡೆದಳು. ಜೀವನದಲ್ಲಿ ಯಾರನ್ನೂ ಹಾಗೆ ತಡೆದವಳಲ್ಲ.

ಗಾಡಿ ನಿಧಾನವಾಯಿತು. ಹೆಂಗಸರು ಬಾಗಿಲತ್ತ ಸರಿದರು.

"ಅಕ್ಕಾರ, ಆಕುರ್ಡಿ ಬಂತರಿ. ಇಳೀರಿ."

"ಬರಲಿ," ಎಂದಳು ನೀಲಿಮಾ.

ಗಾಡಿ ನಿಂತಿತು. ಪ್ಲಾಟ್‌ಫಾರ್ಮಿನ ದೀಪಗಳು ಆಗಷ್ಟೇ ಹತ್ತಿದ್ದವು. ದಿನಾ ಇಳಿಯುವ ಮೆಟ್ಟಿಲು, ದಿನಾ ಕಾಯುವ ರಿಕ್ಷಾಗಳ ಸಾಲು ಕಿಟಕಿಯ ಆಚೆ ಇದ್ದವು, ಬೇರೆ ಯಾರದೋ ಊರಿನಂತೆ. ಚನ್ನಬಸವ್ವ ಗಾಬರಿಯಿಂದ ಅವಳ ಮೊಣಕೈ ಮುಟ್ಟಿದಳು. ನೀಲಿಮಾ ಇನ್ನೊಂದು ದಂಟು ಎತ್ತಿಕೊಂಡಳು. ಗಾಡಿ ಜಗ್ಗಿ ಹೊರಟಿತು, ದೇಹೂ ರೋಡಿನ ಕಡೆ, ಅವಳು ಆ ಹೊತ್ತಿನಲ್ಲಿ ಎಂದೂ ನೋಡಿರದ ಮಬ್ಬು ಬಯಲಿನ ಕಡೆ. ಹುಡುಗಿ ಅವಳನ್ನೇ ನೋಡಿದಳು, ಹಿಂದೆ ಸರಿಯುವ ಸ್ಟೇಷನ್ನನ್ನು ನೋಡಿದಳು, ಆಮೇಲೆ ಓಢಣಿಯನ್ನು ಕೈಯಿಂದ ಬಿಟ್ಟು ಉದ್ದಕ್ಕೆ ಒಂದು ಉಸಿರು ತಗೊಂಡಳು.

ಸೂಡು ಇನ್ನೂ ಅರ್ಧ ಉಳಿದಿತ್ತು.